ಚಿಪ್ ಮೇಲೆ ಸಿಗ್ನಲ್ ಏರಿತು, ಪ್ರೋಟೀನಿನ ಆಕಾರ ಬದಲಾಯಿತು ಎನ್ನಬಹುದೇ?

ಪ್ರಶ್ನೆ: ಕ್ಯಾಲ್ಸಿಯಂ ಹಿಡಿಯುವ ಕ್ಯಾಲ್ಮೊಡ್ಯುಲಿನ್ ಪ್ರೋಟೀನನ್ನು ಡೆಕ್ಸ್‌ಟ್ರಾನ್ (ಸಕ್ಕರೆ ಅಣುಗಳ ಉದ್ದ ಎಳೆ) ಹೊದಿಕೆಯ ಎಸ್‌ಪಿಆರ್ ಚಿಪ್ ಮೇಲೆ ಕೂರಿಸಿದ್ದೇನೆ. ಸುಮಾರು 1500 ಆರ್‌ಯು (ಈ ಯಂತ್ರದ ಸಿಗ್ನಲ್ ಅಳೆಯುವ ಮಾನ) ಕೂತಿದೆ. ಹೋಲಿಕೆಗೆ ಇಟ್ಟ ಪಕ್ಕದ ರೆಫರೆನ್ಸ್ ಚಾನೆಲ್ ಖಾಲಿ ಇದೆ. 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹರಿಸಿದರೆ ಪ್ರೋಟೀನ್ ಇರುವ ಚಾನೆಲ್‌ನಲ್ಲಿ ಸಿಗ್ನಲ್ 60 ಆರ್‌ಯು ಏರುತ್ತದೆ. ಕ್ಯಾಲ್ಸಿಯಂ ಹಿಡಿದು ತೆಗೆಯುವ ಇಜಿಟಿಎ ಹಾಕಿ ತೊಳೆದರೆ ಮೊದಲಿದ್ದ ಬೇಸ್‌ಲೈನ್‌ಗಿಂತ ಕೆಳಗೆ ಹೋಗಿ ನಿಲ್ಲುತ್ತದೆ. ಕ್ಯಾಲ್ಸಿಯಂ ಅಯಾನು ಇಷ್ಟು ಚಿಕ್ಕದು, ಆದ್ದರಿಂದ ಈ ಏರಿಕೆ ಪ್ರೋಟೀನಿನ ಆಕಾರ ಬದಲಾವಣೆಯದ್ದೇ ಎಂದು ಬರೆಯಬಹುದೇ? ಅಥವಾ ಬೇರೆ ಆಪ್ಟಿಕಲ್ ಬಯೋಸೆನ್ಸರ್ ಬಳಸಬೇಕೇ?

ಉತ್ತರ: ಇಷ್ಟನ್ನೇ ಇಟ್ಟುಕೊಂಡು ಹಾಗೆ ಬರೆಯಬೇಡಿ. ಆಕಾರ ಬದಲಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಕ್ಯಾಲ್ಸಿಯಂ ಸಿಕ್ಕರೆ ಕ್ಯಾಲ್ಮೊಡ್ಯುಲಿನ್ ಆಕಾರ ಬದಲಿಸುತ್ತದೆ, ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಆದರೆ ನಿಮ್ಮ 60 ಆರ್‌ಯು ಅದರಿಂದಲೇ ಬಂತು ಎನ್ನಲು ಸದ್ಯ ನಿಮ್ಮ ಕೈಯಲ್ಲಿ ಆಧಾರ ಇಲ್ಲ.

ಎಸ್‌ಪಿಆರ್, ಅಂದರೆ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್, ಆಕಾರವನ್ನು ನೋಡುವುದೇ ಇಲ್ಲ. ಸುಮಾರು 50 ನ್ಯಾನೊಮೀಟರ್ ದಪ್ಪದ ಚಿನ್ನದ ಪದರದ ಮೇಲೆ, ಕೆಲವು ನೂರು ನ್ಯಾನೊಮೀಟರ್ ಎತ್ತರದೊಳಗೆ, ವಕ್ರೀಭವನ ಸೂಚ್ಯಂಕದ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸರಾಸರಿ ಎಷ್ಟಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಅಲ್ಲಿ ಪ್ರೋಟೀನ್ ಜಾಸ್ತಿಯಾದರೆ ಸೂಚ್ಯಂಕ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಮಡಚಿದ ಛತ್ರಿಗೂ ಬಿಚ್ಚಿದ ಛತ್ರಿಗೂ ತಕ್ಕಡಿಯಲ್ಲಿ ಒಂದೇ ತೂಕ ಅಲ್ವಾ? ಎಸ್‌ಪಿಆರ್ ಬಹುಮಟ್ಟಿಗೆ ಅಂಥ ತಕ್ಕಡಿ. 'ಬಹುಮಟ್ಟಿಗೆ' ಎಂದದ್ದಕ್ಕೆ ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ ನೋಡೋಣ.

ಕ್ಯಾಲ್ಮೊಡ್ಯುಲಿನ್‌ನಲ್ಲಿ 148 ಅಮೈನೊ ಆಮ್ಲಗಳಿವೆ, ತೂಕ ಸುಮಾರು 16,700 ಡಾಲ್ಟನ್. ಒಂದು ಕ್ಯಾಲ್ಸಿಯಂ ಅಯಾನು 40 ಡಾಲ್ಟನ್. ನಾಲ್ಕು ಕೂತರೆ 160, ಅಂದರೆ ಪ್ರೋಟೀನಿನ ತೂಕದ ಶೇಕಡಾ 1ಕ್ಕೆ ಹತ್ತಿರ. ನೀವು ಕೂರಿಸಿದ 1500 ಆರ್‌ಯು ಪೂರ್ತಿ ಜೀವಂತವಾಗಿದ್ದು ಎಲ್ಲ ಜಾಗವೂ ತುಂಬಿತು ಅಂದುಕೊಂಡರೂ ತೂಕದಿಂದ ಬರಬೇಕಾದದ್ದು ಸುಮಾರು 14 ಆರ್‌ಯು. ಇಲ್ಲಿಯವರೆಗೆ ನಿಮ್ಮ ವಾದ ಸರಿ: 60 ಎಂಬುದು 14ಕ್ಕಿಂತ ಎಷ್ಟೋ ದೊಡ್ಡದು.

ಆದರೆ ಉಪ್ಪು ಕರಗಿದ ನೀರಿಗೂ ತನ್ನದೇ ವಕ್ರೀಭವನ ಸೂಚ್ಯಂಕ ಇದೆ. 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದರೆ ಅದು ಒಂದು ಲಕ್ಷದಲ್ಲಿ ಎರಡೂವರೆ ಪಾಲಿನಷ್ಟು ಏರುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲು ಏರಿದರೆ ಅಂದಾಜು 1 ಆರ್‌ಯು. ಹಾಗಾಗಿ ಪ್ರೋಟೀನ್ ಇರಲಿ ಬಿಡಲಿ, ಸುಮ್ನೆ ದ್ರಾವಣ ಬದಲಿಸಿದ್ದಕ್ಕೇ ಸುಮಾರು 25 ಆರ್‌ಯು ಏರಿಕೆ ಬರುತ್ತದೆ. ತೂಕದ 14, ದ್ರಾವಣದ 25 ಸೇರಿದರೆ ಆಗಲೇ 39. ಉಳಿದ 20ರ ಚಿಲ್ಲರೆಯ ಮೇಲೆ ನೀವು ಇಡೀ ತೀರ್ಮಾನವನ್ನು ನಿಲ್ಲಿಸುತ್ತಿದ್ದೀರಿ. ಖಾಲಿ ಚಾನೆಲ್‌ನ ಸಿಗ್ನಲ್ ಕಳೆದ ಮೇಲೂ 60 ಉಳಿಯಿತೋ, ಕಳೆಯುವ ಮೊದಲು 60 ಇತ್ತೋ ನೀವು ಬರೆದಿಲ್ಲ. ಕಳೆದೇ ಇಲ್ಲದಿದ್ದರೆ ಇಂದೇ ಕಳೆದು ನೋಡಿ. ಅಂದಹಾಗೆ, ನೀರಿನ ಉಷ್ಣತೆ 0.1 ಡಿಗ್ರಿ ಬದಲಾದರೂ ಹತ್ತು ಆರ್‌ಯು ಆಸುಪಾಸು ವ್ಯತ್ಯಾಸ ಬರುತ್ತದೆ. ಯಂತ್ರ ಬಿಸಿಯಾಗಿ ಸ್ಥಿರವಾಗುವ ಮುಂಚೆ ತೆಗೆದ ಓಟಗಳನ್ನು ಬದಿಗಿಡಿ.

ಖಾಲಿ ಚಾನೆಲ್ ಕಳೆದರೂ ಮುಗಿಯಲಿಲ್ಲ. ನಿಜವಾದ ತಲೆನೋವು ಡೆಕ್ಸ್‌ಟ್ರಾನ್‌ದು. ಈ ಹೊದಿಕೆ ಸುಮಾರು 100 ನ್ಯಾನೊಮೀಟರ್ ದಪ್ಪ, ಅದರ ತುಂಬ ಋಣ ವಿದ್ಯುದಂಶದ ಕಾರ್ಬಾಕ್ಸಿಲ್ ಗುಂಪುಗಳು. ಎರಡು ಧನ ವಿದ್ಯುದಂಶ ಇರುವ ಕ್ಯಾಲ್ಸಿಯಂ ಬಂದರೆ ಅವುಗಳಿಗೂ ಅಂಟುತ್ತದೆ. ಎಳೆಗಳ ನಡುವಿನ ವಿಕರ್ಷಣೆ ತಗ್ಗಿ ಹೊದಿಕೆಯೇ ಕುಗ್ಗುತ್ತದೆ. ಕುಗ್ಗಿದಾಗ ಅದರಲ್ಲಿರುವ ಪ್ರೋಟೀನ್ ಚಿನ್ನದ ಹತ್ತಿರಕ್ಕೆ ಬರುತ್ತದೆ, ಸಿಗ್ನಲ್ ಏರುತ್ತದೆ. ಪ್ರೋಟೀನ್ ಮಾತ್ರ ಇದ್ದ ಹಾಗೇ ಇರುತ್ತದೆ! ಖಾಲಿ ಚಾನೆಲ್‌ನಲ್ಲಿ ಹೊತ್ತು ತರಲು ಪ್ರೋಟೀನೇ ಇಲ್ಲವಾದ್ದರಿಂದ ಅಲ್ಲಿ ಇದು ಅಷ್ಟು ಕಾಣುವುದಿಲ್ಲ, ಕಳೆದಾಗ ಹೋಗುವುದೂ ಇಲ್ಲ. ಸಾಲದ್ದಕ್ಕೆ ಕ್ಯಾಲ್ಮೊಡ್ಯುಲಿನ್ ತಾನೇ ತುಂಬ ಆಮ್ಲೀಯ ಪ್ರೋಟೀನ್. ನಾಲ್ಕು ಕ್ಯಾಲ್ಸಿಯಂ ಕೂತರೆ ಅದರ ಮೇಲೆ ಎಂಟು ಧನ ವಿದ್ಯುದಂಶ ಸೇರಿದ ಹಾಗಾಯಿತು. ಡೆಕ್ಸ್‌ಟ್ರಾನ್ ಎಳೆಗಳನ್ನು ಅದು ದೂರ ತಳ್ಳುವ ಬಲವೂ ತಗ್ಗುತ್ತದೆ.

ಹಾಗಾದರೆ ನಿಜವಾದ ಆಕಾರ ಬದಲಾವಣೆ ಎಸ್‌ಪಿಆರ್‌ನಲ್ಲಿ ಎಂದೂ ಕಾಣುವುದಿಲ್ಲವೇ? ಕಾಣಬಹುದು. ಚಿನ್ನದ ಮೇಲಿನ ಬೆಳಕಿನ ಕ್ಷೇತ್ರ ಎತ್ತರಕ್ಕೆ ಹೋದಂತೆ ಕ್ಷೀಣಿಸುತ್ತದೆ. ಕ್ಷೀಣಿಸುವ ದೂರ 200 ನ್ಯಾನೊಮೀಟರ್ ಆಸುಪಾಸು ಅಂದುಕೊಳ್ಳಿ. ಪ್ರೋಟೀನಿನ ರಾಶಿಯೆಲ್ಲ ಒಟ್ಟಿಗೆ 1 ನ್ಯಾನೊಮೀಟರ್ ಕೆಳಗೆ ಸರಿದರೆ ಸಿಗ್ನಲ್ ಅರ್ಧದಿಂದ ಒಂದು ಶೇಕಡಾ ಬದಲಾಗುತ್ತದೆ. ನಿಮ್ಮ 1500ರಲ್ಲಿ ಅದು 7ರಿಂದ 15 ಆರ್‌ಯು. ಅಳೆಯಬಹುದಾದ ಮೊತ್ತವೇ. ಆದರೆ ಇದಕ್ಕೆ ಎಲ್ಲ ಅಣುಗಳೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿರಬೇಕು. ಡೆಕ್ಸ್‌ಟ್ರಾನ್ ಒಳಗೆ ಅವು ಮೇಲೆ ಕೆಳಗೆ, ಅಡ್ಡ ಉದ್ದ ಹೇಗೆಂದರೆ ಹಾಗೆ ಸಿಕ್ಕಿಕೊಂಡಿರುತ್ತವೆ. ಒಂದು ಮೇಲಕ್ಕೆ ಸರಿದರೆ ಇನ್ನೊಂದು ಕೆಳಕ್ಕೆ. ಒಟ್ಟು ಮೊತ್ತ ಸೊನ್ನೆಗೆ ಹತ್ತಿರ. ಇನ್ನುಳಿದದ್ದು ಪ್ರೋಟೀನ್ ಸುತ್ತ ಅಂಟಿರುವ ನೀರಿನ ಪದರ. ಆಕಾರ ಬದಲಾದಾಗ ಆ ಪದರವೂ ಬದಲಾಗುತ್ತದೆ, ಅದರ ಗುರುತು ಸೂಚ್ಯಂಕದಲ್ಲಿ ಬೀಳುತ್ತದೆ. 'ಬಹುಮಟ್ಟಿಗೆ ತಕ್ಕಡಿ' ಎಂದದ್ದು ಇದಕ್ಕೇ.

ಈ ದಾರಿಯಲ್ಲಿ ಎಚ್ಚರದಿಂದ ನಡೆದವರೂ ಇದ್ದಾರೆ. ಕಣ್ಣಿನ ರೆಟಿನಾದಲ್ಲಿರುವ ರಿಕವರಿನ್ ಎಂಬ ಕ್ಯಾಲ್ಸಿಯಂ ಸಂವೇದಿ ಪ್ರೋಟೀನಿನ ಆಕಾರ ಬದಲಾವಣೆಯನ್ನು ಎಸ್‌ಪಿಆರ್‌ನಲ್ಲೇ ಅಳೆದ ಕೆಲಸವನ್ನು ಡ್ಯಾನಿಯೆಲೆ ಡೆಲ್ಲೊರ್ಕೊ, ಕಾರ್ಲ್ ವಿಲ್‌ಹೆಲ್ಮ್ ಕಾಖ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ್ದಾರೆ. ಆದ್ದರಿಂದ ನಿಮ್ಮ ಉದ್ದೇಶದಲ್ಲಿ ತಪ್ಪಿಲ್ಲ. ಪ್ರಯೋಗದ ಕಟ್ಟೋಣವನ್ನು ಗಟ್ಟಿ ಮಾಡಬೇಕು.

ಅದಕ್ಕೂ ಮುಂಚೆ ಕ್ಯಾಲ್ಮೊಡ್ಯುಲಿನ್‌ನಲ್ಲಿ ಬದಲಾಗುವುದು ಏನು ಎಂಬುದನ್ನು ಸರಿಯಾಗಿ ಮನಸ್ಸಿಗೆ ತಂದುಕೊಳ್ಳಿ. ಎರಡು ಗುಂಡು ತುದಿಗಳು, ನಡುವೆ ಒಂದು ಕೊಂಡಿ. ಪ್ರತಿ ತುದಿಯಲ್ಲಿ ಎರಡೆರಡು ಇಎಫ್ ಹ್ಯಾಂಡ್, ಅಂದರೆ ಕ್ಯಾಲ್ಸಿಯಂ ಕೂರುವ ಕುಣಿಕೆಗಳು. 1985ರಲ್ಲಿ ಬಂದ ಸ್ಫಟಿಕ ರಚನೆಯಲ್ಲಿ ಅದು ಡಂಬೆಲ್ ಥರ ಉದ್ದಕ್ಕೆ ಚಾಚಿಕೊಂಡಿತ್ತು. ದ್ರಾವಣದಲ್ಲಿ ನಡುವಿನ ಕೊಂಡಿ ಬಳುಕುತ್ತದೆ. ಕ್ಯಾಲ್ಸಿಯಂ ಕೂತಾಗ ಪ್ರತಿ ತುದಿಯೊಳಗಿನ ಹೆಲಿಕ್ಸ್‌ಗಳು ಬಿಚ್ಚಿಕೊಂಡು, ಒಳಗೆ ಅಡಗಿದ್ದ ಮೆಥಿಯೊನಿನ್ ತುಂಬಿದ, ನೀರಿಗೆ ಒಗ್ಗದ ಗುಳಿ ಹೊರಗೆ ಕಾಣುತ್ತದೆ. ಇಡೀ ಅಣುವಿನ ಒಟ್ಟು ಗಾತ್ರ ಮಾತ್ರ ಈ ಹಂತದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಅಣು ನಿಜವಾಗಿ ಮುದುಡಿಕೊಳ್ಳುವುದು ಗುರಿ ಪೆಪ್ಟೈಡನ್ನು ಎರಡೂ ತುದಿಗಳ ನಡುವೆ ಹಿಡಿದುಕೊಂಡಾಗ. ಎಕ್ಸ್-ರೇ ಚದುರುವಿಕೆಯಲ್ಲಿ ಅಳೆದ ಅದರ ಪರಿಭ್ರಮಣ ತ್ರಿಜ್ಯ (ಅಣು ಎಷ್ಟು ಹರಡಿದೆ ಎಂಬ ಅಳತೆ) ಆಗ 20 ಆಂಗ್‌ಸ್ಟ್ರಾಮ್‌ಗೆ ತುಸು ಮೇಲಿದ್ದದ್ದು 17ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ನೀವು ಬರೀ ಕ್ಯಾಲ್ಸಿಯಂ ಹರಿಸಿ ಹುಡುಕುತ್ತಿರುವ ಬದಲಾವಣೆ ಹೊರಗಿನಿಂದ ನೋಡಿದರೆ ಸಣ್ಣದು. ಎಸ್‌ಪಿಆರ್‌ಗೆ ಇದು ಅನುಕೂಲವಾದ ಪ್ರಕರಣ ಅಲ್ಲ.

ಈಗ ಕಟ್ಟೋಣಕ್ಕೆ ಬರೋಣ. ಮೊದಲು ಕ್ಯಾಲ್ಸಿಯಂ ಪ್ರಮಾಣ ಇಳಿಸಿ. 1 ಮಿಲಿಮೋಲಾರ್ ಯಾಕೆ ಬೇಕು? ವಿಶ್ರಾಂತಿಯಲ್ಲಿರುವ ಜೀವಕೋಶದೊಳಗೆ ಬಿಡಿ ಕ್ಯಾಲ್ಸಿಯಂ 100 ನ್ಯಾನೊಮೋಲಾರ್ ಸುತ್ತಮುತ್ತ ಇರುತ್ತದೆ, ಸಂಕೇತ ಬಂದಾಗ 1 ಮೈಕ್ರೊಮೋಲಾರ್ ಅಥವಾ ಅದಕ್ಕೂ ಮೇಲೆ ಹೋಗುತ್ತದೆ. ಕ್ಯಾಲ್ಮೊಡ್ಯುಲಿನ್ ಕೆಲಸ ಮಾಡುವುದೂ ಮೈಕ್ರೊಮೋಲಾರ್ ವಲಯದಲ್ಲೇ. 10 ಮೈಕ್ರೊಮೋಲಾರ್ ಕ್ಯಾಲ್ಸಿಯಂನಿಂದ ದ್ರಾವಣದ ಏರಿಕೆ ಕಾಲು ಆರ್‌ಯು ಕೂಡ ದಾಟುವುದು ಕಷ್ಟ. ಜೊತೆಗೆ ಎಲ್ಲ ಬಫರ್‌ಗಳಲ್ಲೂ 100ರಿಂದ 150 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇಡಿ. ಡೆಕ್ಸ್‌ಟ್ರಾನ್ ಆಗಲೇ ಅಷ್ಟು ಉಪ್ಪಿಗೆ ಹೊಂದಿಕೊಂಡಿರುತ್ತದೆ, ಕೆಲವು ಮೈಕ್ರೊಮೋಲಾರ್ ಕ್ಯಾಲ್ಸಿಯಂಗೆ ಜಾಸ್ತಿ ಅಲುಗುವುದಿಲ್ಲ. ನೀವು ನೋಡಿದ ಏರಿಕೆಯಲ್ಲಿ ಎಷ್ಟು ಪಾಲು ನಕಲಿ ಎಂಬುದು ಇದೊಂದರಿಂದಲೇ ಬಹುಪಾಲು ಗೊತ್ತಾಗುತ್ತದೆ.

ಇಷ್ಟು ಕಡಿಮೆ ಪ್ರಮಾಣಕ್ಕೆ ಹೋದ ಕೂಡಲೇ ಇನ್ನೊಂದು ತೊಂದರೆ ಎದುರಾಗುತ್ತದೆ. ಶುದ್ಧ ನೀರು, ಗಾಜಿನ ಪಾತ್ರೆ, ಬಫರಿನ ಉಪ್ಪು, ಎಲ್ಲದರಲ್ಲೂ ಮೈಕ್ರೊಮೋಲಾರ್ ಮಟ್ಟದ ಕ್ಯಾಲ್ಸಿಯಂ ತಾನಾಗೇ ಇರುತ್ತದೆ. ನಿಮ್ಮ ಬೇಸ್‌ಲೈನ್ ಕೆಳಗೆ ಹೋಗಿ ನಿಂತ ರಹಸ್ಯ ಬಹುಶಃ ಇದೇ. 'ಕ್ಯಾಲ್ಸಿಯಂ ಇಲ್ಲದ' ಬಫರ್ ಅಂದುಕೊಂಡದ್ದರಲ್ಲಿ ಕ್ಯಾಲ್ಸಿಯಂ ಇತ್ತು, ಪ್ರೋಟೀನಿನ ಜಾಗಗಳು ಭಾಗಶಃ ತುಂಬಿದ್ದವು. ಇಜಿಟಿಎ ಅದನ್ನೂ ಕಿತ್ತುಕೊಂಡಿತು. ಹಾಗಿದ್ದರೆ ತೊಳೆದ ಮೇಲಿನ ಕೆಳಗಿನ ಗೆರೆಯೇ ನಿಜವಾದ ಬೇಸ್‌ಲೈನ್. ಆದರೆ ಎರಡು ಗೆರೆಗಳನ್ನೂ ಒಂದೇ ಹರಿಯುವ ಬಫರ್‌ನಲ್ಲಿ ಓದಿದ್ದೀರಾ ನೋಡಿ. ಇಜಿಟಿಎ ದ್ರಾವಣ ಇನ್ನೂ ಹರಿಯುತ್ತಿರುವಾಗ ಓದಿದರೆ ಅದರ ಸೂಚ್ಯಂಕದ ವ್ಯತ್ಯಾಸವೂ ಸೇರಿಕೊಂಡಿರುತ್ತದೆ. ತೊಳೆತದಲ್ಲಿ ಒಂದಿಷ್ಟು ಪ್ರೋಟೀನೇ ಚಿಪ್ ಬಿಟ್ಟು ಹೋಗಿರುವ ಸಾಧ್ಯತೆಯೂ ಇದೆ. ಇಜಿಟಿಎ ತೊಳೆತವನ್ನು ಮತ್ತೆ ಮತ್ತೆ ಮಾಡಿ. ಪ್ರತಿ ಸಲ ಗೆರೆ ಇನ್ನಷ್ಟು ಕೆಳಗಿಳಿಯುತ್ತಾ ಹೋದರೆ ಪ್ರೋಟೀನ್ ಸೋರುತ್ತಿದೆ. ಒಂದೇ ಕಡೆ ನಿಂತರೆ ಮೊದಲ ವಿವರಣೆ ಸರಿ.

ಸರಿಯಾದ ಕ್ಯಾಲ್ಸಿಯಂ ಪ್ರಮಾಣಕ್ಕೆ ಇಜಿಟಿಎ ಮತ್ತು ಕ್ಯಾಲ್ಸಿಯಂ ತುಂಬಿದ ಇಜಿಟಿಎ ಇವೆರಡನ್ನು ಬೇರೆ ಬೇರೆ ಅನುಪಾತದಲ್ಲಿ ಬೆರೆಸಿದ ಬಫರ್ ಸರಣಿ ಮಾಡಿಕೊಳ್ಳಿ. ಎರಡರಲ್ಲೂ ಉಳಿದದ್ದೆಲ್ಲ ಒಂದೇ ಇರುವುದರಿಂದ ಸೂಚ್ಯಂಕದ ವ್ಯತ್ಯಾಸವೂ ತೀರಾ ಕಡಿಮೆ. ಪಿಎಚ್ ಮೇಲೆ ಮಾತ್ರ ಕಣ್ಣಿಡಿ. ಪಿಎಚ್ 7.2ರಲ್ಲಿ ಇಜಿಟಿಎ ಕ್ಯಾಲ್ಸಿಯಂ ಬಿಡುವ ಸ್ಥಿರಾಂಕ 150 ನ್ಯಾನೊಮೋಲಾರ್ ಸುತ್ತ ಇರುತ್ತದೆ, ಪಿಎಚ್ ಬರೀ 0.1 ಸರಿದರೆ ಅದು ಒಂದೂವರೆ ಪಟ್ಟಿಗಿಂತ ಜಾಸ್ತಿ ಬದಲಾಗುತ್ತದೆ. ಕ್ಯಾಲ್ಸಿಯಂ ಹಿಡಿದಾಗ ಇಜಿಟಿಎ ಪ್ರೋಟಾನ್‌ಗಳನ್ನೂ ಬಿಡುತ್ತದೆ, ಹಾಗಾಗಿ ಬೆರೆಸಿದ ಮೇಲೆ ಪಿಎಚ್ ಮತ್ತೊಮ್ಮೆ ನೋಡಲೇಬೇಕು. ಇದು ಕಿರಿಕಿರಿ ಅನಿಸಿದರೆ ಇಜಿಟಿಎ ಥರವೇ ಕ್ಯಾಲ್ಸಿಯಂ ಹಿಡಿಯುವ ಬಾಪ್ಟಾ ಬಳಸಿ, ಅದಕ್ಕೆ ಪಿಎಚ್ ಗೊಡವೆ ಕಡಿಮೆ.

ಎಲ್ಲಕ್ಕಿಂತ ಮುಖ್ಯ ರೆಫರೆನ್ಸ್ ಚಾನೆಲ್. ಅದನ್ನು ಖಾಲಿ ಬಿಡಬೇಡಿ. ಅಲ್ಲಿ ಕ್ಯಾಲ್ಸಿಯಂ ಹಿಡಿಯಲಾಗದ ಕ್ಯಾಲ್ಮೊಡ್ಯುಲಿನ್ ರೂಪಾಂತರವನ್ನು ಅಷ್ಟೇ ಆರ್‌ಯು ಕೂರಿಸಿ. ನಾಲ್ಕೂ ಕುಣಿಕೆಗಳ ಮೊದಲ ಆಸ್ಪಾರ್ಟೇಟ್‌ಗಳನ್ನು, ಅಂದರೆ 20, 56, 93, 129ನೇ ಜಾಗದವನ್ನು, ಅಲನಿನ್ ಮಾಡಿದ ರೂಪ ಈ ಕ್ಷೇತ್ರದಲ್ಲಿ ತುಂಬ ಬಳಕೆಯಲ್ಲಿದೆ. ತೂಕ ಹೆಚ್ಚುಕಡಿಮೆ ಅದೇ, ವಿದ್ಯುದಂಶ ಹತ್ತಿರ ಹತ್ತಿರ ಅದೇ, ಡೆಕ್ಸ್‌ಟ್ರಾನ್ ಮೇಲಿನ ಪರಿಣಾಮವೂ ಅದೇ. ಈ ಚಾನೆಲ್ ಕಳೆದ ಮೇಲೆ ಉಳಿಯುವುದು ಕುಣಿಕೆಗೆ ಕ್ಯಾಲ್ಸಿಯಂ ಕೂತದ್ದರ ಫಲ. ಅದರಲ್ಲಿ ತೂಕದ ಪಾಲು ತೆಗೆದರೆ ಉಳಿಕೆ ಏನು ಎಂದು ಆಗ ಕೇಳಬಹುದು. ಇದರ ಜೊತೆ ಮೆಗ್ನೀಸಿಯಂ ಓಟವೂ ಇರಲಿ. ವಿದ್ಯುದಂಶ ಕ್ಯಾಲ್ಸಿಯಂನಷ್ಟೇ, ಆದರೆ ಅದೇ ಮೈಕ್ರೊಮೋಲಾರ್ ಪ್ರಮಾಣದಲ್ಲಿ ಅದು ಕ್ಯಾಲ್ಮೊಡ್ಯುಲಿನ್‌ನ ಗುಳಿಗಳನ್ನು ತೆರೆಯುವುದಿಲ್ಲ. ಮೆಗ್ನೀಸಿಯಂಗೂ ಅಷ್ಟೇ ಏರಿಕೆ ಬಂದರೆ ನೀವು ಅಳೆಯುತ್ತಿರುವುದು ಹೊದಿಕೆಯನ್ನೇ.

ಪ್ರೋಟೀನನ್ನು ಹೇಗೆ ಅಂಟಿಸಿದ್ದೀರಿ ಎಂಬುದೂ ದೊಡ್ಡ ವಿಷಯ. ಮಾಮೂಲಿ ಅಮೈನ್ ಜೋಡಣೆಯಲ್ಲಿ ಯಾವ ಲೈಸಿನ್ ಸಿಕ್ಕಿತೋ ಅದು ಅಂಟುತ್ತದೆ. ಒಂದೇ ಅಣು ಎರಡು ಮೂರು ಕಡೆ ಅಂಟಿದರೆ ಅದು ಬಿಚ್ಚಿಕೊಳ್ಳುವುದಾದರೂ ಹೇಗೆ? ಕಾಲು ಕಟ್ಟಿ ಕುಣಿ ಎಂದಂತಾಗುತ್ತದೆ. ಇಷ್ಟು ಆಮ್ಲೀಯ ಪ್ರೋಟೀನ್ ಋಣ ವಿದ್ಯುದಂಶದ ಡೆಕ್ಸ್‌ಟ್ರಾನ್ ಹತ್ತಿರ ಸುಲಭವಾಗಿ ಸುಳಿಯುವುದೂ ಇಲ್ಲ. ಕಶೇರುಕಗಳ ಕ್ಯಾಲ್ಮೊಡ್ಯುಲಿನ್‌ನಲ್ಲಿ ಸಿಸ್ಟೀನ್ ಇಲ್ಲವೇ ಇಲ್ಲ, ಇದು ನಮಗೆ ಸಿಕ್ಕ ಅದೃಷ್ಟ. ಬೇಕಾದ ಜಾಗದಲ್ಲಿ ಒಂದೇ ಒಂದು ಸಿಸ್ಟೀನ್ ಸೇರಿಸಿ, ಅದಕ್ಕೆ ಬಯೋಟಿನ್ ಹಚ್ಚಿ, ಬಯೋಟಿನನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಚಿಪ್ ಮೇಲೆ ಕೂರಿಸಿ. ಎಲ್ಲ ಅಣುಗಳೂ ಒಂದೇ ಜಾಗದಲ್ಲಿ ಕಟ್ಟಿಕೊಳ್ಳುತ್ತವೆ. ಪ್ರೋಟೀನಿಗೆ ಹಿಸ್ಟಿಡಿನ್ ಟ್ಯಾಗ್ ಸೇರಿಸಿ, ಆ ಟ್ಯಾಗನ್ನು ಹಿಡಿಯುವ ನಿಕಲ್ ಚಿಪ್ ಬಳಸುವುದು ಸುಲಭ ಅನಿಸಬಹುದು, ಆದರೆ ಇಜಿಟಿಎ ನಿಕಲನ್ನೂ ಕಿತ್ತು ತರುತ್ತದೆ. ಈ ಕೆಲಸಕ್ಕೆ ಅದು ಬೇಡ.

ಇನ್ನು ವೇಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕ್ಯಾಲ್ಮೊಡ್ಯುಲಿನ್‌ನ ಎನ್ ತುದಿ ಸೆಕೆಂಡಿಗೆ ನೂರಾರು ಸಲದ ವೇಗದಲ್ಲಿ ಕ್ಯಾಲ್ಸಿಯಂ ಬಿಡುತ್ತದೆ, ಸಿ ತುದಿ ಸೆಕೆಂಡಿಗೆ ಕೆಲವು ಸಲ. ಎಸ್‌ಪಿಆರ್ ಹರಿವಿನ ಕೋಣೆಯಲ್ಲಿ ದ್ರಾವಣ ಬದಲಾಗುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದ್ದರಿಂದ ಏರಿಳಿತದ ಗೆರೆಗೆ ವೇಗದ ಸ್ಥಿರಾಂಕ ಹೊಂದಿಸಲು ಹೋಗಬೇಡಿ, ಸಮತೋಲನದ ಎತ್ತರವನ್ನು ಮಾತ್ರ ಬಳಸಿ. ಅದಕ್ಕೂ ಒಂದಕ್ಕೆ ಒಂದು ಎಂಬ ಸರಳ ಮಾದರಿ ಹೊಂದುವುದಿಲ್ಲ. ಎರಡು ತುದಿಗಳ ಹಿಡಿತ ಬೇರೆ ಬೇರೆ, ಪ್ರತಿ ತುದಿಯೊಳಗಿನ ಎರಡು ಕುಣಿಕೆಗಳು ಒಂದಕ್ಕೊಂದು ಸಹಕರಿಸುತ್ತವೆ.

ಬೇರೆ ಸೆನ್ಸರ್ ಬೇಕೇ ಎಂಬ ಪ್ರಶ್ನೆಗೆ ಬರುತ್ತೇನೆ. ಆಕಾರವೇ ನಿಮ್ಮ ಮುಖ್ಯ ಪ್ರಶ್ನೆಯಾದರೆ, ಲೇಬಲ್ (ಗುರುತಿಗೆ ಹಚ್ಚುವ ಬಣ್ಣದ ಅಣು) ಇಲ್ಲದ ವಿಧಾನಗಳ ಪೈಕಿ ನನಗೆ ಹೆಚ್ಚು ನಂಬಿಕೆ ಡ್ಯುಯಲ್ ಪೋಲರೈಸೇಶನ್ ಇಂಟರ್‌ಫೆರೊಮೆಟ್ರಿ ಮೇಲೆ. ಅದು ಎರಡು ಧ್ರುವೀಕರಣದ ಬೆಳಕಿನಿಂದ ಎರಡು ಅಳತೆ ತೆಗೆಯುತ್ತದೆ. ಹಾಗಾಗಿ ಪದರದ ದಪ್ಪ ಮತ್ತು ಸಾಂದ್ರತೆ ಬೇರೆ ಬೇರೆ ಸಿಗುತ್ತವೆ. ಪದರ ತೆಳ್ಳಗಾಗಿ ಸಾಂದ್ರತೆ ಏರಿತು, ಒಟ್ಟು ರಾಶಿ ಹಾಗೇ ಇದೆ ಎಂದರೆ ಅದು ಮುದುಡಿದ್ದರ ಗುರುತು. ಎಸ್‌ಪಿಆರ್ ಈ ಎರಡನ್ನೂ ಕಲಸಿ ಒಂದೇ ಸಂಖ್ಯೆ ಕೊಡುತ್ತದೆ. ತೊಂದರೆ ಏನೆಂದರೆ ಈ ಯಂತ್ರ ಎಲ್ಲ ಕಡೆ ಸಿಗುವುದಿಲ್ಲ.

ಬ್ಯಾಕ್ ಸ್ಕ್ಯಾಟರಿಂಗ್ ಇಂಟರ್‌ಫೆರೊಮೆಟ್ರಿಯಲ್ಲಿ ಪ್ರೋಟೀನನ್ನು ಎಲ್ಲಿಗೂ ಅಂಟಿಸಬೇಕಾಗಿಲ್ಲ. 2007ರಲ್ಲಿ ಡ್ಯಾರಿಲ್ ಬಾರ್ನ್‌ಹಾಪ್ ಮತ್ತು ಜೊತೆಗಾರರು ಕ್ಯಾಲ್ಮೊಡ್ಯುಲಿನ್‌ಗೆ ಕ್ಯಾಲ್ಸಿಯಂ ಕೂರುವುದನ್ನು ಬಿಡಿ ದ್ರಾವಣದಲ್ಲೇ ಹೀಗೆ ತೋರಿಸಿದರು. ಡೆಕ್ಸ್‌ಟ್ರಾನ್ ಕಾಟ ತಪ್ಪುತ್ತದೆ, ಆದರೆ ಅಲ್ಲೂ ಓದುವುದು ವಕ್ರೀಭವನ ಸೂಚ್ಯಂಕವನ್ನೇ. ಆಕಾರಕ್ಕೆ ಅದೊಂದೇ ಸಾಕ್ಷಿಯಾಗದು. ಸೆಕೆಂಡ್ ಹಾರ್ಮೊನಿಕ್ ವಿಧಾನ ಬಣ್ಣದ ಅಣು ಯಾವ ಕೋನಕ್ಕೆ ವಾಲಿದೆ ಎಂಬುದನ್ನು ಹಿಡಿಯುತ್ತದೆ. ಸಣ್ಣ ವಾಲುವಿಕೆಗೂ ಸ್ಪಂದಿಸುತ್ತದೆ, ಆದರೆ ಲೇಬಲ್ ಹಚ್ಚಲೇಬೇಕು.

ಲೇಬಲ್ ಹಚ್ಚಲು ಅಡ್ಡಿ ಇಲ್ಲದಿದ್ದರೆ ಫ್ರೆಟ್ (ಒಂದು ಹೊಳೆಯುವ ಬಣ್ಣದಿಂದ ಇನ್ನೊಂದಕ್ಕೆ ಶಕ್ತಿ ದಾಟುವುದನ್ನು ಅಳೆಯುವ ವಿಧಾನ) ಬಿಟ್ಟು ಬೇರೆ ಯೋಚನೆ ಯಾಕೆ? ಅದರ ಸಿಗ್ನಲ್ ಎರಡು ಬಣ್ಣಗಳ ನಡುವಿನ ಅಂತರದ 6ನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ, 5 ನ್ಯಾನೊಮೀಟರ್ ಆಸುಪಾಸಿನ ಅಂತರಗಳಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಕ್ಯಾಲ್ಮೊಡ್ಯುಲಿನ್ ಗಾತ್ರಕ್ಕೆ ಹೇಳಿ ಮಾಡಿಸಿದ ಅಳತೆಕೋಲು ಇದು. 1997ರಲ್ಲಿ ಮಿಯಾವಾಕಿ, ರೋಜರ್ ಚೆನ್ ಮತ್ತಿತರರು ಮಾಡಿದ ಕ್ಯಾಮೆಲಿಯನ್ ಸೆನ್ಸರ್‌ಗಳು ಇದೇ ಉಪಾಯದವು: ಎರಡು ಹೊಳೆಯುವ ಪ್ರೋಟೀನ್‌ಗಳ ನಡುವೆ ಕ್ಯಾಲ್ಮೊಡ್ಯುಲಿನ್ ಮತ್ತು ಅದರ ಗುರಿಯಾದ ಎಂ13 ಪೆಪ್ಟೈಡ್. ಕ್ಯಾಲ್ಸಿಯಂ ಬಂದರೆ ಕ್ಯಾಲ್ಮೊಡ್ಯುಲಿನ್ ಪೆಪ್ಟೈಡನ್ನು ಹಿಡಿಯುತ್ತದೆ, ಎರಡು ಬಣ್ಣಗಳು ಹತ್ತಿರ ಬರುತ್ತವೆ.

ಆದರೆ ನಿಮ್ಮ ಬಳಿ ಈಗಾಗಲೇ ಎಸ್‌ಪಿಆರ್ ಇದೆ. ಹಾಗಿದ್ದಾಗ ನಾನಾದರೆ ಆಕಾರವನ್ನು ನೇರವಾಗಿ ಕೇಳುವ ಹಟ ಬಿಟ್ಟು, ಅದು ತೆರೆದುಕೊಂಡಿತೇ ಎಂದು ಬೇರೊಂದು ಅಣುವಿನಿಂದ ಕೇಳಿಸುತ್ತೇನೆ. ಎಂ13 ಥರದ ಪೆಪ್ಟೈಡನ್ನು ಚಿಪ್ ಮೇಲೆ ಕೂರಿಸಿ, ಮೇಲೆ ಕ್ಯಾಲ್ಮೊಡ್ಯುಲಿನ್ ಹರಿಸಿ. ಕ್ಯಾಲ್ಸಿಯಂ ಇಲ್ಲದಾಗ ಅದು ಹಿಡಿಯುವುದಿಲ್ಲ, ಇದ್ದಾಗ 16,700 ಡಾಲ್ಟನ್‌ನ ಇಡೀ ಪ್ರೋಟೀನ್ ಬಂದು ಕೂರುತ್ತದೆ. ಹತ್ತಿಪ್ಪತ್ತು ಆರ್‌ಯು ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು ನೂರಾರು ಆರ್‌ಯು ಸಿಗುತ್ತದೆ. ರಿಕವರಿನ್‌ನಲ್ಲೂ ಇದೇ ಉಪಾಯ ನಡೆಯುತ್ತದೆ. ಕ್ಯಾಲ್ಸಿಯಂ ಕೂತಾಗ ಅದು ಒಳಗೆ ಮಡಚಿಟ್ಟ ಮಿರಿಸ್ಟಾಯ್ಲ್ ಕೊಬ್ಬಿನ ಎಳೆಯನ್ನು ಹೊರಗೆ ಚಾಚುತ್ತದೆ. ಚಿಪ್ ಮೇಲೆ ಲಿಪಿಡ್ ಪದರ ಇದ್ದರೆ ಆ ಎಳೆ ಅದಕ್ಕೆ ನಾಟಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಪೆಪ್ಟೈಡ್ ಜೊತೆಗಿದ್ದಾಗ ಕ್ಯಾಲ್ಮೊಡ್ಯುಲಿನ್ ಕ್ಯಾಲ್ಸಿಯಂ ಅನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಆದ್ದರಿಂದ ಇಲ್ಲಿ ಸಿಗುವ ಅರ್ಧ ತುಂಬುವ ಪ್ರಮಾಣವನ್ನು ಒಂಟಿ ಪ್ರೋಟೀನಿನದ್ದು ಎಂದು ಬರೆಯಬೇಡಿ.

ನೇರ ಅಳತೆಯನ್ನೂ ಬಿಡಲು ಮನಸ್ಸಿಲ್ಲದಿದ್ದರೆ ರೂಪಾಂತರ ಪ್ರೋಟೀನ್ ತರಿಸುವುದರಿಂದ ಶುರು ಮಾಡಿ. ಅದು ಕೈಗೆ ಬರುವವರೆಗೆ ಈಗಿರುವ ಚಿಪ್ ಮೇಲೆಯೇ 10 ಮೈಕ್ರೊಮೋಲಾರ್ ಕ್ಯಾಲ್ಸಿಯಂ ಮತ್ತು 10 ಮೈಕ್ರೊಮೋಲಾರ್ ಮೆಗ್ನೀಸಿಯಂ ಎರಡನ್ನೂ ಹರಿಸಿ ನೋಡಬಹುದು. ರೂಪಾಂತರದ ಚಾನೆಲ್ ಕಳೆದ ಮೇಲೂ ತೂಕಕ್ಕಿಂತ ಸ್ಪಷ್ಟವಾಗಿ ಜಾಸ್ತಿ ಏರಿಕೆ ಉಳಿದು, ಅದು ಏರುವ ಕ್ಯಾಲ್ಸಿಯಂ ವಲಯ ದ್ರಾವಣದಲ್ಲಿ ಸರ್ಕ್ಯುಲರ್ ಡೈಕ್ರೊಯಿಸಂ (ಹೆಲಿಕ್ಸ್‌ಗಳ ಬದಲಾವಣೆಯನ್ನು ಬೆಳಕಿನಿಂದ ಅಳೆಯುವ ವಿಧಾನ) ಅಥವಾ ಫ್ಲೋರೆಸೆನ್ಸ್ ತೋರಿಸುವ ವಲಯಕ್ಕೆ ಹೊಂದಿದರೆ ಆಕಾರ ಬದಲಾವಣೆ ಎಂದು ಧೈರ್ಯವಾಗಿ ಬರೆಯಿರಿ. ರೂಪಾಂತರವೂ ಅಷ್ಟೇ ಏರಿದರೆ ಡೆಕ್ಸ್‌ಟ್ರಾನ್ ಚಿಪ್ ಬಿಟ್ಟು ಹೊದಿಕೆ ಇಲ್ಲದ ಸಪಾಟು ಚಿಪ್‌ಗೆ ಹೋಗಿ. ಅಲ್ಲಿ ಕೂರುವ ಪ್ರೋಟೀನ್ ಕಡಿಮೆ, ಸಿಗ್ನಲ್ ಕೂಡ ಕಡಿಮೆ. ಆದರೆ ಕುಗ್ಗುವುದಕ್ಕೆ ಅಲ್ಲಿ ಡೆಕ್ಸ್‌ಟ್ರಾನ್ ಇರುವುದಿಲ್ಲ.